ಗಂಗಾಂಬಿಕೆಯ ಅಳತೆ ಬ್ಲೌಸು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಸ್ಕೂಲಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ನರಸಮ್ಮ ಟೀಚರ್ ಎಂದರೆ ಹೆಡ್‌ಮಾಸ್ಟರೂ ಒಂದು ಸಲ ಗಂಟಲು ಸರಿಮಾಡಿಕೊಂಡೇ ಮಾತಾಡುವುದು. ಆದರೆ ಗಂಗಾಂಬಿಕೆಗೆ ಕೋಪವೇ ಬರುವುದಿಲ್ಲ ಎಂದು ನಾನು ಆರು ವರ್ಷ ನಂಬಿಕೊಂಡಿದ್ದೆ. ಇಬ್ಬರೂ ಗುಬ್ಬಿಯ ಒಂದೇ ಖಾಸಗಿ ಶಾಲೆಯಲ್ಲಿ ಟೀಚರುಗಳು. ಮದುವೆಯಾದ ಮೇಲೆ ಅವಳು ತುಮಕೂರಿನ ಮರಳೂರಿಗೆ ಬಂದಳು, ನಮ್ಮ ಮನೆಯಿಂದ ನಾಲ್ಕನೆಯ ಮನೆಗೆ. ಅಲ್ಲಿಂದ ದಿನಾ ಒಂದೇ ಬಸ್ಸು. ನಾನು ಚಿಲ್ಲರೆಗಾಗಿ ಕಂಡಕ್ಟರನ ಜೊತೆ ಜಗಳವಾಡುತ್ತಿದ್ದರೆ ಅವಳು ಪಕ್ಕದಲ್ಲಿ ಕೂತು ನಾಲ್ಕನೆಯ ಕ್ಲಾಸಿನ ಗಣಿತದ ಪುಸ್ತಕಗಳನ್ನು ತಿದ್ದುತ್ತಿದ್ದಳು.

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆಯ ಹುಡುಗಿ. ಟಿ.ಸಿ.ಎಚ್. ಮಾಡಿಕೊಂಡು, ಮದುವೆಗೆ ಮುಂಚೆಯೇ ಕೆಲಸಕ್ಕೆ ಸೇರಿ, ಈ ಕೆಲಸ ಬಿಡುವುದಿಲ್ಲ ಎಂದು ಹೆಣ್ಣು ನೋಡಲು ಬಂದ ದಿನವೇ ಹೇಳಿದವಳು. ಗಂಡು ಗುರುಪ್ರಕಾಶ್, ಸೊಸೈಟಿಯಲ್ಲಿ ಗುಮಾಸ್ತ. ಅವನು ಆವತ್ತು ತಲೆ ಆಡಿಸಿದನಂತೆ. ಹೌದೋ ಅಲ್ಲವೋ ಯಾರಿಗೂ ಗೊತ್ತಾಗದ ಹಾಗೆ ತಲೆ ಆಡಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅವನ ತಾಯಿ ಸರ್ವಮಂಗಳಮ್ಮನವರದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ಸೊಸೆ ಕೆಲಸಕ್ಕೆ ಹೋಗಬೇಡ ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ಬೆಳಿಗ್ಗೆ ಅವಳು ಹೊರಡುವ ಹೊತ್ತಿಗೆ ಸರಿಯಾಗಿ ಅವರಿಗೆ ಮಂಡಿನೋವು ಶುರುವಾಗುತ್ತಿತ್ತು, ಅಷ್ಟೇ.

ತೊಂಬತ್ತೆಂಟರ ಫೆಬ್ರವರಿಯಲ್ಲಿ ಗಂಗಾಂಬಿಕೆಗೆ ತವರಿನಲ್ಲಿ ಹೆಣ್ಣುಮಗು ಆಯಿತು. ಸಂಬಳವಿಲ್ಲದ ರಜೆ, ಅದಕ್ಕೆ ಬೇಸಿಗೆ ರಜೆ ಸೇರಿಕೊಂಡಿತು. ಹೆಡ್‌ಮಾಸ್ಟರ್ ರಾಮಾಂಜಿನಯ್ಯನವರು ನನ್ನ ಕೈಯಲ್ಲೇ ಹೇಳಿ ಕಳಿಸಿದ್ದರು. ಜೂನ್ ಒಂದು, ಸೋಮವಾರ, ಸ್ಕೂಲು ತೆರೆಯುವ ದಿನ ಬಂದು ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕು. ಹಾಕದಿದ್ದರೆ ಆ ಜಾಗಕ್ಕೆ ಬೇರೆಯವರು. ಆ ಬೇರೆಯವರು ಯಾರು ಎನ್ನುವುದೂ ನನಗೆ ಗೊತ್ತಿತ್ತು. ಮ್ಯಾನೇಜ್‌ಮೆಂಟಿನ ಒಬ್ಬರ ನಾದಿನಿ, ಏಪ್ರಿಲ್‌ನಿಂದಲೇ ಅರ್ಜಿ ಹಿಡಿದುಕೊಂಡು ಆಫೀಸಿನ ಬೆಂಚಿನ ಮೇಲೆ ಕೂರುತ್ತಿದ್ದಳು.

ಮೇ ಕೊನೆಯ ವಾರ ಗಂಗಾಂಬಿಕೆ ಮಗುವಿನ ಜೊತೆ ಮರಳೂರಿಗೆ ಬಂದಳು. ಬಾಣಂತನದ ತುಪ್ಪ, ಬೆಳ್ಳುಳ್ಳಿ, ಮೆಂತ್ಯದ ಹಿಟ್ಟು, ಒಣಕೊಬ್ಬರಿ ಎಲ್ಲವೂ ತಮ್ಮ ಕೆಲಸ ಮಾಡಿದ್ದವು. ಬಸುರಿಯಾಗುವ ಮುಂಚೆ ನನ್ನ ಹಾಗೆ ಕಡ್ಡಿಯಾಗಿದ್ದವಳು ಈಗ ತುಂಬಿಕೊಂಡಿದ್ದಳು, ಮೈಗೆ ಒಂದು ಕಳೆ ಬಂದಿತ್ತು. ನನಗಂತೂ ನೋಡಿ ಸಂತೋಷವಾಯಿತು. ಬೀದಿಯವರಿಗೆ ಆಗಬೇಕಲ್ಲ. ಬಂದವರೆಲ್ಲ ಮಗುವನ್ನು ಅರ್ಧ ನಿಮಿಷ ನೋಡಿ, ಅವಳನ್ನು ಹತ್ತು ನಿಮಿಷ ನೋಡಿ, ಏನೇ ಹಿಂಗಾಗಿದೀಯ ಎಂದು ಕೇಳಿ ಹೋಗುತ್ತಿದ್ದರು. ಹೆತ್ತವಳು ಇನ್ನು ಹೇಗಾಗಬೇಕಿತ್ತು?

ಸೀರೆಯ ಚಿಂತೆ ಇಲ್ಲ. ಸೀರೆ ಹೆತ್ತವಳಿಗೂ ಆಗುತ್ತದೆ, ಹೆರದವಳಿಗೂ ಆಗುತ್ತದೆ. ಬ್ಲೌಸು ಹಾಗಲ್ಲ. ಬೀರುವಿನಲ್ಲಿದ್ದ ಹನ್ನೊಂದು ಬ್ಲೌಸುಗಳಲ್ಲಿ ಒಂದರ ಹುಕ್ಕೂ ಕೂಡಲಿಲ್ಲ. ಒಳಗೆ ಹೆಚ್ಚುವರಿ ಬಟ್ಟೆ ಇದ್ದ ನಾಲ್ಕನ್ನು ಅವಳೇ ಬ್ಲೇಡಿನಲ್ಲಿ ಹೊಲಿಗೆ ಬಿಚ್ಚಿ ನೋಡಿದಳು. ಆದರೂ ಎರಡು ಬೆರಳು ಸಾಲದು. ಮನೆಯಲ್ಲಿ ನೈಟಿ ಹಾಕಿಕೊಂಡು ಕಾಲ ಹಾಕಬಹುದು, ನಮ್ಮ ಸ್ಕೂಲಿನಲ್ಲಿ ಲೇಡಿ ಟೀಚರುಗಳಿಗೆ ಸೀರೆಯೇ ಆಗಬೇಕು, ಚೂಡಿದಾರ ಹಾಕಿಕೊಂಡು ಬಂದ ಡ್ರಾಯಿಂಗ್ ಟೀಚರನ್ನು ಗೇಟಿನಿಂದಲೇ ವಾಪಸ್ಸು ಕಳಿಸಿದ್ದರು. ತೊಟ್ಟಿಲ ಶಾಸ್ತ್ರಕ್ಕೆಂದು ಇದ್ದ ದುಡ್ಡೆಲ್ಲ ಖರ್ಚಾಗಿತ್ತು, ಹೊಸ ಬಟ್ಟೆಯ ಮಾತು ಎತ್ತುವ ಹಾಗಿರಲಿಲ್ಲ.

ಅದಕ್ಕೆ ಅವಳು ಟ್ರಂಕು ತೆಗೆದಳು. ನಮ್ಮ ಕಡೆ ಬ್ಲೌಸ್ ಪೀಸ್ ಇರುವುದು ಹೊಲಿಸುವುದಕ್ಕಲ್ಲ, ಕೊಡುವುದಕ್ಕೆ. ಅರಿಶಿನ ಕುಂಕುಮಕ್ಕೆ ಬಂದವರಿಗೆ ಎಲೆ ಅಡಿಕೆಯ ಜೊತೆ ಒಂದು ಪೀಸು. ಅವರು ಅದನ್ನು ಮಡಿಕೆ ಬಿಚ್ಚದೆ ಇನ್ನೊಬ್ಬರಿಗೆ. ನಾನು ಗೌರಿ ಹಬ್ಬಕ್ಕೆ ಕೊಟ್ಟ ಹಳದಿ ಪೀಸು ಮೂರು ಮನೆ ಸುತ್ತಿ ಸಂಕ್ರಾಂತಿಗೆ ನನಗೇ ಬಂದದ್ದುಂಟು. ಗಂಗಾಂಬಿಕೆ ಅಂಥವುಗಳಲ್ಲಿ ಬಣ್ಣ ಹೋಗದ ಐದನ್ನು ಆರಿಸಿ, ನೀರಲ್ಲಿ ನೆನೆಸಿ, ಒಣಗಿಸಿ ಇಟ್ಟಳು. ಹೊಲಿಗೆಯ ಕೂಲಿ ಬಿಟ್ಟರೆ ಬೇರೆ ಖರ್ಚಿಲ್ಲ. ಅವಳ ಈ ಬುದ್ಧಿಗೆ ನಾನು ಅಲ್ಲೇ ಕೂತು ಶಹಬ್ಬಾಸ್ ಎಂದೆ.

ನಾವೆಲ್ಲ ಹೊಲಿಸುತ್ತಿದ್ದದ್ದು ಹಿಂದಿನ ಬೀದಿಯ ರಹಿಮಾ ಬೀ ಹತ್ತಿರ. ಅವರು ಮಗಳು ಉಝ್ಮಾಳ ಹೆರಿಗೆಗೆಂದು ಕುಣಿಗಲ್ಲಿಗೆ ಹೋಗಿದ್ದರು, ಬರುವುದು ಸೋಮವಾರ. ಇನ್ನು ಪೇಟೆಯ ಗಂಡಸು ಟೈಲರೇ ಗತಿ. ಅಲ್ಲಿಗೆ ಇವಳೇ ಹೋಗಿ ಅಳತೆ ಕೊಡೋಣವೆಂದರೆ, ಮಗುವನ್ನು ಮಠಕ್ಕೆ ಕರೆದುಕೊಂಡು ಹೋಗಿ ಬರುವವರೆಗೆ ಬಾಣಂತಿ ಹೊಸಿಲು ದಾಟಬಾರದು ಎಂದು ಸರ್ವಮಂಗಳಮ್ಮ ಕಟ್ಟು ಹಾಕಿದ್ದರು. ಮಠಕ್ಕೆ ಹೋಗುವುದು ಭಾನುವಾರ. ಹಾಗಾಗಿ ಅಳತೆ ಬ್ಲೌಸು ಕಳಿಸಬೇಕಾಯಿತು. ಗಂಗಾಂಬಿಕೆಗೆ ಈಗ ಸರಿಯಾಗಿ ಆಗುತ್ತಿದ್ದದ್ದು ತವರಿನಿಂದ ತಂದ ಅವಳ ಅಮ್ಮನ ಕೆಂಪು ಬ್ಲೌಸು ಒಂದೇ. ಅದನ್ನೂ ಐದು ಪೀಸುಗಳನ್ನೂ ಒಂದು ಚೀಲದಲ್ಲಿ ಹಾಕಿ ಗಂಡನ ಕೈಗೆ ಕೊಟ್ಟಳು. ಇದೇ ಅಳತೆ, ಇದನ್ನೇ ಕೊಡಬೇಕು ಎಂದು ಎರಡು ಸಲ ಹೇಳಿದಳು, ಎರಡನೆಯ ಸಲ ನಾನೂ ಅಲ್ಲಿದ್ದೆ. ಗುರುಪ್ರಕಾಶ್ ತಲೆ ಆಡಿಸಿದ.

ಶನಿವಾರ ಸಂಜೆ ಬ್ಲೌಸುಗಳು ಬಂದವು. ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಬಾಗಿಲು ತಳ್ಳಿ ನೋಡಿದರೆ ಮಂಚದ ಮೇಲೆ ಐದೂ ಬಿದ್ದಿವೆ, ಅವಳು ನೈಟಿಯಲ್ಲೇ ಕೂತಿದ್ದಾಳೆ. ಒಂದನ್ನು ತೊಡಿಸಿ ನೋಡಿದೆ. ಹುಕ್ಕಿಗೂ ಕಾಜಕ್ಕೂ ನಾಲ್ಕು ಬೆರಳು ದೂರ. ತೋಳು ಮೊಣಕೈ ಮೇಲೆಯೇ ನಿಂತುಹೋಯಿತು. ಬಿಚ್ಚಿ ಹೊಲಿಯೋಣವೆಂದರೆ ಒಳಗೆ ಒಂದು ಎಳೆ ಬಟ್ಟೆ ಬಿಟ್ಟಿಲ್ಲ. ಆ ಟೈಲರನ ಜನ್ಮ ಜಾಲಾಡಿಬಿಡುತ್ತೇನೆ ಎಂದು ನಾನು ಎದ್ದೆ. ಚೀಲ ಕೊಡವಿದಾಗ, ಅಳತೆಗೆಂದು ಕೊಟ್ಟಿದ್ದ ಬ್ಲೌಸು ವಾಪಸ್ಸು ಬಂದದ್ದು ಕೆಳಗೆ ಬಿತ್ತು. ಅದು ಅಮ್ಮನ ಕೆಂಪು ಬ್ಲೌಸಲ್ಲ. ಗಂಗಾಂಬಿಕೆಯ ಮದುವೆಯ ಹಸಿರು ಬ್ಲೌಸು.

ಗುರುಪ್ರಕಾಶನನ್ನು ಕೇಳಿದರೆ ಬೀರುವಿನ ಹತ್ತಿರ ಚೀಲ ಕಲಸಿಹೋಗಿರಬೇಕು ಎಂದ. ಕೆಂಪು ಬ್ಲೌಸು ಎಲ್ಲಿ ಎಂದರೆ ಗೊತ್ತಿಲ್ಲ ಎಂದ. ಸರ್ವಮಂಗಳಮ್ಮ ಅಡಿಗೆಮನೆಯಿಂದಲೇ, ಶಿವನ ಮನಸ್ಸಿನಲ್ಲಿ ಏನಿದೆಯೋ ನಾವು ಹೇಗೆ ಹೇಳೋದು, ಮೈ ಇಳಿದ ಮೇಲೆ ಕೆಲಸ ನೋಡಿಕೊಂಡರಾಯಿತು ಎಂದರು. ಕೂಸಿಗೆ ಮೂರು ತಿಂಗಳು, ತಾಯಿಯ ಮೈ ಇಳಿಯುವವರೆಗೆ ರಾಮಾಂಜಿನಯ್ಯ ಹಾಜರಿ ಪುಸ್ತಕ ತೆರೆದುಕೊಂಡು ಕೂತಿರುತ್ತಾರಂತೆ! ಪಿತ್ತ ನೆತ್ತಿಗೇರಿತು. ಇವಳು ಮಾತ್ರ ಐದನ್ನೂ ನೀಟಾಗಿ ಮಡಿಸಿಟ್ಟಳು. ಸತ್ಯ ಹೇಳಬೇಕೆಂದರೆ ಆವತ್ತು ಅವಳ ಮೇಲೂ ನನಗೆ ಸಿಟ್ಟು ಬಂದಿತ್ತು.

ಭಾನುವಾರ ಮಠಕ್ಕೆ ಹೋಗಿ ಬಂದರು. ಹಳೆಯ ಬ್ಲೌಸಿಗೆ ಪಿನ್ನು ಚುಚ್ಚಿ, ಮೇಲೆ ಶಾಲು ಹೊದ್ದು, ಕಿವಿಗೆ ಸ್ಕಾರ್ಫ್ ಕಟ್ಟಿದರೆ ಬಾಣಂತಿಯ ಮೈ ಯಾರಿಗೂ ಕಾಣುವುದಿಲ್ಲ. ಆದರೆ ಶಾಲು ಹೊದ್ದು ಬೋರ್ಡಿನ ಮೇಲೆ ಭಾಗಾಕಾರ ಬರೆಯಲಾಗುತ್ತದೆಯೇ? ಕೈ ಎತ್ತಿದರೆ ಪಿನ್ನು ಮೈಗೆ ಚುಚ್ಚುತ್ತದೆ. ನನ್ನ ಬ್ಲೌಸು ಅವಳ ಮೊಣಕೈಗೂ ಸಾಲದು, ಸರ್ವಮಂಗಳಮ್ಮ ನನಗಿಂತ ಒಂದು ಕೈ ಹೆಚ್ಚೇ ಒಣಗಿದವರು. ಅಕ್ಕಪಕ್ಕದವರನ್ನು ಕೇಳೋಣ ಎಂದು ಹೇಳಲು ಮಧ್ಯಾಹ್ನ ಗಂಗಾಂಬಿಕೆಯ ಮನೆಗೆ ಹೋದೆ.

ಗೇಟಿನ ಒಳಗೆ ಗುರುಪ್ರಕಾಶ್ ಸ್ಕೂಟರ್ ಒರೆಸುತ್ತಿದ್ದ. ಕೈಯಲ್ಲಿದ್ದ ಬಟ್ಟೆ ಕೆಂಪು. ಅದರ ತುದಿಯಲ್ಲಿ ಹುಕ್ಕು ಹೊಳೆಯುತ್ತಿತ್ತು.

ಸ್ಕೂಟರಿನ ಡಿಕ್ಕಿಯಲ್ಲಿ ಬಿದ್ದಿದ್ದ ಚಿಂದಿ ಎಂದುಕೊಂಡಿದ್ದೆ, ಮರೆತೇಹೋಗಿತ್ತು ಎಂದು ಮೊದಲು ಸುಳ್ಳು ಹೇಳಿದ. ನಾನು ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ನೆಲ ನೋಡಿಕೊಂಡು ಬಾಯಿಬಿಟ್ಟ.

"ಅಂಗಡೀಲಿ ಎಲ್ಲಾ ಗೊತ್ತಿರೋರೇ ಇರ್ತಾರೆ ನರಸಮ್ಮೋರೆ. ಅತ್ತೆ ಬ್ಲೌಸು, ಅದೂ ಅಷ್ಟು ದೊಡ್ಡದು, ನನ್ನ ಹೆಂಡ್ತೀದು ಇದೇ ಅಳತೆ ಅಂತ ಹೆಂಗ್ ಹಿಡ್ಕೊಂಡು ನಿಂತ್ಕೊಳ್ಳಲಿ? ನಾಚ್ಕೆ ಆಯ್ತು. ಅದ್ಕೇ ಇದನ್ನ ಡಿಕ್ಕೀಲಿ ತುರುಕಿ ಮದ್ವೇದು ತಗೊಂಡೋದೆ."

ಗಂಡಸಿಗೇಕೆ ಗೌರಿ ದುಃಖ ಎನ್ನುವುದು ಸುಮ್ಮನೆ ಬಂದ ಗಾದೆಯಲ್ಲ. ಹೆತ್ತವಳು ಅವಳು. ಹೊಟ್ಟೆ ಹರಿದುಕೊಂಡವಳು, ಹೊಲಿಗೆ ಹಾಕಿಸಿಕೊಂಡವಳು ಅವಳು. ನಾಚಿಕೆ ಇವನಿಗೆ! ಮನಸ್ಸಿಗೆ ಬಂದದ್ದನ್ನೆಲ್ಲ ಅಂದೆ, ಇಲ್ಲಿ ಬರೆಯುವಂಥದ್ದಲ್ಲ, ಎದುರು ಮನೆಯವರು ಕಿಟಕಿಗೆ ಬಂದರು. ಬಾಗಿಲಲ್ಲಿ ಗಂಗಾಂಬಿಕೆ ಮಗುವನ್ನು ಎತ್ತಿಕೊಂಡು ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಬಂದು ಅವನ ಕೈಯಿಂದ ಬ್ಲೌಸು ತೆಗೆದುಕೊಂಡಳು. ಸೀಮೆಎಣ್ಣೆ, ಗ್ರೀಸು. ಒಳ್ಳೆಯವು ಎರಡೇ ಇದ್ದದ್ದರಲ್ಲಿ ಒಂದನ್ನು ಅವಳ ಅಮ್ಮ ಕೊಟ್ಟು ಕಳಿಸಿದ್ದರು. ಅವಳು ಅದನ್ನು ಬಚ್ಚಲಿಗೆ ಒಯ್ದು ಮೂರು ಸಲ ಸೋಪು ಹಾಕಿದಳು, ಕಲೆಯೂ ಹೋಗಲಿಲ್ಲ, ವಾಸನೆಯೂ ಹೋಗಲಿಲ್ಲ. ನಾನು ಬೀದಿಯ ಆರು ಮನೆ ಸುತ್ತಿದೆ. ಒಬ್ಬರದು ಸಣ್ಣದು, ಒಬ್ಬರು ಊರಲ್ಲಿಲ್ಲ, ಒಬ್ಬರು ಬಾಣಂತಿಗೆ ತೊಟ್ಟ ಬಟ್ಟೆ ಕೊಡಬಾರದು ಎಂದರು. ಇನ್ನು ಮುಗಿಯಿತು ಎಂದು ಮನೆಗೆ ಬಂದೆ.

ಸೋಮವಾರ ಬೆಳಿಗ್ಗೆ, ಸುಮ್ಮನೆ ಹೇಳಿಹೋಗೋಣವೆಂದು ಅವರ ಗೇಟಿನ ಹತ್ತಿರ ನಿಂತೆ. ಬಾಗಿಲು ತೆರೆಯಿತು. ಗಂಗಾಂಬಿಕೆ ನೀಲಿ ಸೀರೆ ಉಟ್ಟಿದ್ದಳು. ಬ್ಲೌಸಿನ ಜಾಗದಲ್ಲಿ ಗಂಡನ ತುಂಬುತೋಳಿನ ಬಿಳಿ ಅಂಗಿ. ಆವತ್ತು ಸೊಸೈಟಿಗೆ ಹಾಕಿಕೊಂಡು ಹೋಗಲು ಅವನೇ ಇಸ್ತ್ರಿ ಮಾಡಿಟ್ಟಿದ್ದ ಅಂಗಿ. ತೋಳನ್ನು ಮೊಣಕೈವರೆಗೆ ನೀಟಾಗಿ ಮಡಿಸಿದ್ದಳು, ಸೆರಗಿನ ಮೇಲೆ ಕಾಲರು ಎದ್ದು ಕಾಣುತ್ತಿತ್ತು. ಕಳೆ ಕೀಳುವ ಹೆಂಗಸರು ಗಂಡನ ಅಂಗಿ ತೊಡುವುದನ್ನು ನೋಡಿದ್ದೇನೆ, ಟೀಚರು ತೊಟ್ಟದ್ದನ್ನು ನೋಡಿರಲಿಲ್ಲ. ಗುರುಪ್ರಕಾಶ್ ಬನಿಯನ್ನಿನಲ್ಲಿ ಅವಳ ಹಿಂದೆಯೇ ಓಡಿ ಬಂದ. ಬೀದಿಯಲ್ಲಿ ಜನ ಕೇಳಿದರೆ ಏನು ಹೇಳ್ತೀಯ ಎಂದು ಗೋಗರೆದ.

"ಇರೋದನ್ನೇ ಹೇಳ್ತೀನಿ," ಎಂದಳು ಗಂಗಾಂಬಿಕೆ. ಧ್ವನಿ ಎತ್ತಲಿಲ್ಲ. "ನಮ್ಮೆಜಮಾನ್ರಿಗೆ ನನ್ನ ಅಳತೆ ಹೇಳೋಕೆ ನಾಚ್ಕೆ. ಅದ್ಕೇ ಅವರ ಅಂಗಿ ಹಾಕ್ಕೊಂಡು ಬಂದಿದೀನಿ ಅಂತೀನಿ."

ಹೇಳಿದಳು ಕೂಡ. ಬಸ್ಸಿನಲ್ಲಿ ಕೇಳಿದ ಇಬ್ಬರಿಗೆ ಹೇಳಿದಳು, ಗುಬ್ಬಿಯಲ್ಲಿ ಹೂವಿನವಳಿಗೆ ಹೇಳಿದಳು. ಹೂವಿನವಳು ಕೈಯಲ್ಲಿದ್ದ ದಾರ ಬಿಟ್ಟು ನಕ್ಕು, ಕನಕಾಂಬರ ಒಂದು ಮೊಳ ಜಾಸ್ತಿ ಹಾಕಿಕೊಟ್ಟಳು. ಸ್ಕೂಲಿನಲ್ಲಿ ರಾಮಾಂಜಿನಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇದೇನಮ್ಮ ವೇಷ ಎಂದರು. ರೂಲ್ಸಿನಲ್ಲಿ ಸೀರೆ ಅಂತಿದೆ, ಸೀರೆ ಉಟ್ಟಿದ್ದೇನೆ ಎಂದು ಅವಳು ಹಾಜರಿ ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಬೆಂಚಿನ ಮೇಲೆ ಕೂತಿದ್ದ ನಾದಿನಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಗಂಗಾಂಬಿಕೆ ಸಹಿ ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಎದೆಯಲ್ಲಿ ಹಾಲು ಕಟ್ಟಿ, ಸೋರಿ, ಅಂಗಿಯ ಮುಂದೆಲ್ಲ ಒದ್ದೆಯಾಯಿತು. ಕಕ್ಕಸಿನ ಹಿಂದಿನ ನಲ್ಲಿಯಲ್ಲಿ ನಾನು ಕೊಡೆ ಅಡ್ಡ ಹಿಡಿದೆ, ಅವಳು ಹಾಲು ಹಿಂಡಿ ಚೆಲ್ಲಿ, ಅಂಗಿಯ ಒದ್ದೆಯ ಜಾಗ ತೊಳೆದು, ಅದನ್ನೇ ತೊಟ್ಟು ಮತ್ತೆ ಕ್ಲಾಸಿಗೆ ಹೋದಳು. ನನಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಯಾರನ್ನಾದರೂ ಹಿಡಿದು ಬಡಿಯಬೇಕು ಎನ್ನಿಸಿತು. ಬರುವಾಗ ಬಸ್ಸಿನಲ್ಲಿ ಅವಳು ಶಾಂತವಾಗಿ ಯೋಚನೆ ಮಾಡುತ್ತಿದ್ದಳು. ಐದು ಹೊಸ ಬ್ಲೌಸುಗಳ ಕಂಕುಳ ಕೆಳಗೂ ತೋಳಿನ ಒಳಬದಿಗೂ ಟ್ರಂಕಿನ ಬೇರೆ ಪೀಸುಗಳ ಪಟ್ಟಿ ಕೊಟ್ಟರೆ ಮೈಗೆ ಬರುತ್ತವೆ, ಬಣ್ಣ ಬೇರೆಯಾದರೂ ಸೆರಗಿನ ಕೆಳಗೆ ಕಾಣುವುದಿಲ್ಲ, ಹಳೆಯ ನಾಲ್ಕಕ್ಕೂ ಹಾಗೆಯೇ ಮಾಡಿಸಬಹುದು ಎಂದಳು. ಒಂಬತ್ತು ಬ್ಲೌಸು ಇದ್ದರೆ ವರ್ಷ ಕಳೆಯಬಹುದು.

ಮನೆ ಮುಟ್ಟುವಾಗ ಗುರುಪ್ರಕಾಶ್ ಅಳುವ ಮಗುವನ್ನು ಎತ್ತಿಕೊಂಡು ಗೇಟಿನಲ್ಲೇ ನಿಂತಿದ್ದ. ಅವಳು ಜಗುಲಿಯ ಮೇಲೆ ಕೂತು, ಸೆರಗು ಮುಚ್ಚಿ, ಅಂಗಿಯ ಗುಂಡಿ ಬಿಚ್ಚಿ ಮಗುವಿಗೆ ಹಾಲು ಕೊಟ್ಟಳು. ಅವನು ಪಕ್ಕದಲ್ಲಿ ನಿಂತು, ರಹಿಮಾ ಬೀ ಬಂದಿದ್ದಾರಂತೆ, ನಾನು ಮಗು ನೋಡಿಕೊಳ್ತೀನಿ, ಈಗಲೇ ಹೋಗಿ ಅಳತೆ ಕೊಟ್ಟು ಬಾ, ನಾಳೆಯಿಂದ ಇದು ಬೇಡ ಎಂದ.

"ಹೋಗ್ತೀನಿ," ಎಂದಳು. "ಒಂಬತ್ತು ಬ್ಲೌಸು ಅವರು ಹೊಲ್ಕೊಡೋಕೆ ಒಂದು ವಾರ ಬೇಕು. ಅಲ್ಲೀವರ್ಗೂ ನಿಮ್ಮ ಗೆರೇದು, ತಿಳಿ ಹಳದೀದು, ಮದ್ವೇಲಿ ನಮ್ಮಪ್ಪ ಕೊಡ್ಸಿದ್ದು, ಎಲ್ಲಾ ಇಸ್ತ್ರಿ ಮಾಡಿಡಿ. ಕಾಲರು ಸರಿಯಾಗಿ ನಿಲ್ಬೇಕು."

ಅವನು ಅಮ್ಮನ ಕಡೆ ನೋಡಿದ. ಸರ್ವಮಂಗಳಮ್ಮ ಬಾಗಿಲವರೆಗೆ ಬಂದವರು ಸೊಸೆಯ ಮುಖ ನೋಡಿ ಒಳಗೆ ಹೋದರು. ಒಳಗೆ ಹೊಗೆಯಾಗುತ್ತದೆಂದು ಅವರ ಮನೆಯಲ್ಲಿ ಇಸ್ತ್ರಿ ಮಾಡುವುದು ಯಾವಾಗಲೂ ಜಗುಲಿಯ ಮೇಲೆಯೇ. ಬೀದಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದಂತೆ ಗುರುಪ್ರಕಾಶ್ ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ತುಂಬಿದ.