ಎಲೆ ಬಿಡದ ಕೈ

ನಮ್ಮ ತಂಡದವರು ಹೋದಲ್ಲೆಲ್ಲ ಹೇಳುವ ಕಥೆ ಇದು: ಹುಬ್ಬತಲೈಯಲ್ಲಿ ಎಡಗೈ ಕಳೆದುಕೊಂಡ ಒಬ್ಬ ತಾಯಿ ಇದ್ದರು. ಇಲ್ಲದ ಆ ಕೈ ಎರಡು ವರ್ಷದಿಂದ ನೋಯುತ್ತಿತ್ತು. ನಾವು ಕನ್ನಡಿ ಇಟ್ಟೆವು. ಹೋದ ಕೈ ಮತ್ತೆ ಕಣ್ಣಿಗೆ ಕಂಡಿತು. ಆ ತಾಯಿ ಆನಂದದಿಂದ ಅತ್ತರು. ನೋವು ಹೋಯಿತು.

ಇದರಲ್ಲಿ ಕನ್ನಡಿ ನಿಜ, ಅಳು ನಿಜ. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ಆ ದಿನ ಕನ್ನಡಿ ಹಿಡಿದು ಕೂತಿದ್ದವಳು ನಾನೇ.

ತಂಡಕ್ಕೆ ನಾನು ಸೇರಿದ್ದು ಕರುಣೆಯಿಂದಲ್ಲ, ತಪ್ಪು ಹಿಡಿಯಲು. ಊಟಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತು ನಿಂತು, ಯಾರು ಏನು ಹೇಳಿದರೂ ಮೊದಲು ಅದರ ಬುಡ ಎಲ್ಲಿ ಅಲ್ಲಾಡುತ್ತದೆ ಎಂದು ನೋಡುವುದು ಅಭ್ಯಾಸವಾಗಿತ್ತು. ತಂಡ ನಡೆಸುವ, ನಾವೆಲ್ಲ ಅಣ್ಣ ಎನ್ನುವ ಫಿಸಿಯೋಥೆರಪಿಸ್ಟ್ ಕಾಲೇಜಿಗೆ ಬಂದು ಕನ್ನಡಿಯಿಂದ ನೋವು ಇಳಿಯುತ್ತದೆ ಎಂದಾಗ ಎದ್ದು ನಿಂತು, "ಇದಕ್ಕೂ ಮಂತ್ರಿಸಿದ ತಾಯಿತಕ್ಕೂ ಏನು ವ್ಯತ್ಯಾಸ?" ಎಂದು ಕೇಳಿದ್ದೆ. ಅವರು ಸಿಟ್ಟಾಗಲಿಲ್ಲ. "ಶನಿವಾರ ಜೀಪು ಹೊರಡುತ್ತೆ. ಬಾ, ನೀನೇ ನೋಡು," ಎಂದರು.

ಹೋದೆ. ವ್ಯತ್ಯಾಸ ಇತ್ತು. ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸುತ್ತಾರೆ. ಮೊಂಡು ಕೈ ಅದರ ಹಿಂದೆ ಮರೆಯಾಗುತ್ತದೆ. ಇರುವ ಕೈಯ ಪ್ರತಿಬಿಂಬ ಇಲ್ಲದ ಕೈಯ ಜಾಗದಲ್ಲಿ ಕಾಣುತ್ತದೆ. ಇರುವ ಕೈಯನ್ನು ನಿಧಾನವಾಗಿ ಆಡಿಸುತ್ತಾ, ಇನ್ನೊಂದೂ ಹಾಗೇ ಆಡುತ್ತಿದೆ ಎಂದುಕೊಳ್ಳಬೇಕು. ದಿನಾ ಸ್ವಲ್ಪ ಹೊತ್ತು, ವಾರಗಟ್ಟಲೆ. ಕೆಲವರಿಗೆ ನೋವಿನ ಹಿಡಿತ ಸಡಿಲವಾಗುತ್ತದೆ, ಕೆಲವರಿಗೆ ಇಲ್ಲ. ಹೀಗೆ 'ಕೆಲವರಿಗೆ' ಎಂದು ಹೇಳುವ ಮದ್ದನ್ನು ನಾನು ನಂಬಬಲ್ಲೆ.

ಹುಬ್ಬತಲೈಯ ಆ ಹೆಂಗಸನ್ನು ನಾನು ಮಾಮಿ ಎಂದೇ ಕರೆದೆ. ಟೀ ಎಲೆ ಹೊತ್ತ ಪಿಕಪ್ ಮಗುಚಿದಾಗ ಅವರ ಎಡಗೈ ಮೊಣಕೈ ಕೆಳಗಿನಿಂದ ಹೋಗಿತ್ತು. ನಾವು ಮಾತಾಡಿದ್ದೆಲ್ಲ ನಮ್ಮ ಬೆಟ್ಟದ ಬಡಗ ಭಾಷೆಯಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

"ನೀನು ಯಾವ ಹಟ್ಟಿ?"

"ತುಮ್ಮನಟ್ಟಿ, ಮಾಮಿ."

"ಓ, ಕ್ಯಾರೆಟ್ಟಿನವಳು. ನಿಮ್ಮ ಕಡೆ ಹೊಲವೆಲ್ಲ ಅದೇ. ಇಲ್ಲದ ಕೈ ನೋಯುತ್ತೆ ಅಂದರೆ ನಂಬುತ್ತೀಯಾ?"

"ಕಷ್ಟ."

"ನನಗೂ ಕಷ್ಟ. ಆದರೂ ನೋಯುತ್ತೆ," ಎಂದರು. ಕೈ ಗಟ್ಟಿ ಮುಷ್ಟಿ ಹಿಡಿದಿದೆಯಂತೆ, ಉಗುರು ಅಂಗೈಗೆ ನಾಟುತ್ತದಂತೆ, ಅದರಿಂದ ನಿದ್ದೆಯೇ ಇಲ್ಲ.

ಮೇಜಿನ ಮೇಲೆ ಚಿಕ್ಕ ಕನ್ನಡಿ ನಿಲ್ಲಿಸಿ, ತರಬೇತಿಯಲ್ಲಿ ಕಲಿತಂತೆ, "ಮುಷ್ಟಿ ಹಿಡಿಯಿರಿ, ಬಿಡಿಸಿ," ಎಂದೆ. ಬಲಗೈ ಬಿಡಿಸಿದರು. ಕನ್ನಡಿಯಲ್ಲಿ ಎಡಗೈ ಬಿಚ್ಚಿಕೊಂಡಿತು. ಅವರ ಕಣ್ಣಲ್ಲಿ ನೀರು ಬಂತು. ನಮ್ಮಲ್ಲೊಬ್ಬ ಅದನ್ನು ಫೋನಿನಲ್ಲಿ ಹಿಡಿದುಕೊಂಡ. ಅಣ್ಣ ಆಗ ಹೊರಗೆ ಮಾಮಿಯ ಮಗನಿಗೆ ಏನೋ ವಿವರಿಸುತ್ತಿದ್ದರು. ಜೀಪು ಹಾರ್ನ್ ಹೊಡೆಯಿತು, ಹೊರಟೆವು. ಸಂಜೆಯೊಳಗೆ ವೀಡಿಯೊ ಎಲ್ಲರ ಫೋನಿಗೂ ಬಂದಿತ್ತು. ನಾನೂ ಅದಕ್ಕೆ ಕೈಮುಗಿಯುವ ಚಿತ್ರ ಹಾಕಿದ್ದೆ. ಅದನ್ನು ಅಡಗಿಸಿಡಲಾರೆ.

ಮುಂದಿನ ವಾರ ಯಾರೂ ಕಳಿಸದಿದ್ದರೂ ಬಸ್ಸು ಹತ್ತಿ ಹೋದೆ. ಮಾಮಿ ಬಾಗಿಲಲ್ಲೇ ನಿಂತು, "ಬಾ ವಕೀಲಮ್ಮ, ನಿನ್ನ ಕನ್ನಡಿ ನನ್ನನ್ನು ಕೊಂದಿತು," ಎಂದರು. ಅಂದು ಅತ್ತದ್ದು ನೋವಿಗೆ. ಕನ್ನಡಿಯ ಕೈ ಬಿಚ್ಚಿಕೊಂಡರೂ ಒಳಗಿನ ಕೈ ಬಿಚ್ಚಲಿಲ್ಲ; ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿತು.

"ಯಾಕೆ ಬಿಚ್ಚಲಿಲ್ಲ ಮಾಮಿ?"

"ಹೇಗೆ ಬಿಚ್ಚುತ್ತೆ? ಅದರ ತುಂಬ ಎಲೆ ಇದೆ. ಮೇಜಿನ ಮೇಲೆ ಎಲೆ ಚೆಲ್ಲು ಅಂತ ಯಾರಾದರೂ ಹೇಳುತ್ತಾರಾ?"

ಟೀ ತೋಟದ ಯಾರಿಗೇ ಆದರೂ ಇದು ಹೊಳೆಯುತ್ತಿತ್ತು. ಕ್ಯಾರೆಟ್ಟಿನವಳಿಗೆ ಹೊಳೆಯಲಿಲ್ಲ. ಎಲೆ ಕೀಳುವವರು ಒಂದೊಂದು ಚಿಗುರಿಗೂ ಕೈ ಬಿಡಿಸುವುದಿಲ್ಲ. ಕಿತ್ತದ್ದನ್ನು ಅಂಗೈಯಲ್ಲೇ ಹಿಡಿದು, ಮುಷ್ಟಿ ತುಂಬಿದ ಮೇಲೆ ತೋಳೆತ್ತಿ ಭುಜದ ಹಿಂದಕ್ಕೆ, ಬೆನ್ನಿನ ಚೀಲಕ್ಕೆ ಎಸೆಯುತ್ತಾರೆ. ಕೈ ಬಿಚ್ಚುವುದು ಅಲ್ಲಿ ಮಾತ್ರ. ಮೂವತ್ತು ವರ್ಷ ಹಾಗೇ ಬಿಚ್ಚಿದ ಕೈಗೆ ನಾನು ಮೇಜಿನ ಮೇಲೆ ಬಿಚ್ಚು ಎಂದು ಅಪ್ಪಣೆ ಕೊಟ್ಟಿದ್ದೆ.

ಊಟಿಯ ನಮ್ಮ ತಂಡದ ಕೋಣೆಯಲ್ಲಿ ಕಾಲು ಹೋದವರಿಗೆಂದು ಇಟ್ಟಿದ್ದ ಒಂದೇ ಒಂದು ಉದ್ದ ಕನ್ನಡಿ ಇತ್ತು. ಅಣ್ಣನಿಗೆ ಹೇಳಿ, ತರಕಾರಿ ಗಾಡಿಯಲ್ಲಿ ಕಂಬಳಿ ಸುತ್ತಿ ಹುಬ್ಬತಲೈಗೆ ತಂದೆ. ಮಾಮಿ ಚೀಲ ಬೆನ್ನಿಗೆ ಕಟ್ಟಿಕೊಂಡು ಅದರ ಪಕ್ಕ ನಿಂತರು. ಗಾಳಿಯಲ್ಲೇ ಎಲೆ ಕಿತ್ತರು, ಮುಷ್ಟಿ ತುಂಬಿಸಿದರು, ಬಲಗೈ ಎತ್ತಿ ಹಿಂದಕ್ಕೆ ಎಸೆದರು. ಕನ್ನಡಿಯ ಹಿಂದೆ ಮೊಂಡು ತೋಳೂ ತಾನಾಗಿ ಎದ್ದಿತು. ಹತ್ತನೆಯದೋ ಹದಿನೈದನೆಯದೋ ಸಲಕ್ಕೆ ನಿಂತುಬಿಟ್ಟರು.

"ಒಂದು ಬೆರಳು ಸಡಿಲ ಆಯಿತು," ಎಂದರು.

ಅಳಲಿಲ್ಲ. "ಇದನ್ನು ಫೋನಲ್ಲಿ ಹಿಡಿಯಬೇಡ. ಇನ್ನೂ ನಾಲ್ಕು ಬೆರಳು ಬಾಕಿ ಇದೆ."

ಆಮೇಲೆ ದಿನಾ ಮಾಡಿದರು. ಒಂದು ದಿನ ಎರಡು ಬೆರಳು ಬಿಡುತ್ತಿತ್ತು, ಮರುದಿನ ಒಂದೂ ಇಲ್ಲ. ತಿಂಗಳಾಗುವಷ್ಟರಲ್ಲಿ ವಾರದಲ್ಲಿ ಮೂರು ನಾಲ್ಕು ರಾತ್ರಿ ನಿದ್ದೆ ಬರತೊಡಗಿತ್ತು. ಕನ್ನಡಿ ಬಿಟ್ಟ ದಿನ ಮುಷ್ಟಿ ಮತ್ತೆ ಗಟ್ಟಿ.

ಅಷ್ಟರಲ್ಲಿ ಮಾಮಿಯ ಫೋನು ಬಂತು. "ನಿಮ್ಮ ಅಣ್ಣ ಕನ್ನಡಿ ವಾಪಸ್ ಬೇಕು ಅಂದರು. ಬರಲಿ. ನನ್ನ ಕೈಯಿಂದ ಕಿತ್ತುಕೊಳ್ಳಲಿ. ಯಾವ ಕೈಯಿಂದ ಅಂತ ಅವರೇ ತೀರ್ಮಾನ ಮಾಡಲಿ."

ಭಾನುವಾರ ಕೋಣೆಗೆ ಹೋದೆ. ದಾನಿಗಳ ಸಭೆಗೆ ಅಣ್ಣ ಲ್ಯಾಪ್‌ಟಾಪ್ ಸಿದ್ಧಮಾಡುತ್ತಿದ್ದರು. ವೇದಿಕೆಯಲ್ಲಿ ಮಾಮಿಯ ಕಥೆ ಹೇಳಬೇಕಾದವಳು ನಾನು.

"ಕನ್ನಡಿ ಯಾಕೆ ಅಣ್ಣ ವಾಪಸ್?"

"ಗೂಡಲೂರಿನಲ್ಲಿ ಕಾಲು ಹೋದವರೊಬ್ಬರು ಕಾಯುತ್ತಿದ್ದಾರೆ. ಹುಬ್ಬತಲೈದು ಮುಗೀತಲ್ಲ."

"ಮುಗಿದಿಲ್ಲ. ಮುಗೀತು ಅಂತ ನಾವು ಊರೆಲ್ಲ ಹೇಳಿಕೊಂಡು ಬಂದಿದ್ದೇವೆ, ಅಷ್ಟೇ."

"ನೋಡು ತಂಗಿ, ತಿಂಗಳುಗಟ್ಟಲೆಯ ಕಥೆ ಹೇಳಿದರೆ ಯಾರೂ ಕೂತು ಕೇಳಲ್ಲ. ಒಂದೇ ದಿನದ ಕಥೆ ಹೇಳಿದರೆ ಇನ್ನೊಂದು ಕನ್ನಡಿ ಕೊಡಿಸುತ್ತಾರೆ."

"ಒಂದೇ ದಿನಕ್ಕೆ ವಾಸಿಯಾಗುತ್ತೆ ಅಂದರೆ ಇನ್ನೊಂದು ಯಾಕೆ ಅಂತ ಅವರು ಕೇಳಲ್ವಾ? ಒಂದನ್ನೇ ಊರೂರು ಸುತ್ತಿಸಿ ಅನ್ನುತ್ತಾರೆ."

ಅಣ್ಣ ಕೆಟ್ಟವರಲ್ಲ. ಗೂಡಲೂರಿನವರ ನೋವೂ ನೋವೇ. ಆದರೆ ಒಂದು ಕನ್ನಡಿ ಸಾಲದು ಎಂಬ ಮಾತನ್ನು ಸಭೆಯಲ್ಲಿ ಹೇಳಬೇಕು. ಸಾಲುತ್ತದೆ ಎಂಬ ಸುಳ್ಳನ್ನು ಮಾಮಿಯ ನಿದ್ದೆಯ ಮೇಲೆ ಕಟ್ಟಬಾರದು. ಆ ಕಥೆ ನಾನು ಹೇಳುವುದಿಲ್ಲ ಎಂದೆ. ಹೇಳಿದರೆ ಒಂದು ಬೆರಳಿನ ಕಥೆ ಹೇಳುತ್ತೇನೆ ಎಂದೆ.

ಅವರು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ವೀಡಿಯೊ ಹಾಕಿದರು. ಮಾಮಿಯ ಒದ್ದೆ ಮುಖ ಪರದೆ ತುಂಬ ನಿಂತಿತು.

"ಈ ಮುಖ ಸುಳ್ಳು ಹೇಳುತ್ತಾ?"

"ಮುಖ ಸುಳ್ಳು ಹೇಳುತ್ತಿಲ್ಲ ಅಣ್ಣ. ಯಾಕೆ ಅತ್ತಿರಿ ಅಂತ ನೀವು ಒಂದು ಸಲವಾದರೂ ಅವರನ್ನು ಕೇಳಿದ್ದೀರಾ?"