ಕೋಳಿಯ ಉಸಿರು ಕೇಳುತ್ತಿದ್ದ ಡಾಕ್ಟರಮ್ಮ

ಕೋಳಿಗಳಲ್ಲಿ ಉಸಿರಾಟದ ರೋಗ ಹರಡುತ್ತಿದೆಯೇ ಎಂದು ನೋಡಲು ತೋವಿನಕೆರೆ ಹತ್ತಿರದ ನಮ್ಮ ಫಾರಂಗೆ ತಿಂಗಳಿಗೊಮ್ಮೆ ಬರುತ್ತಿದ್ದ ಪಶುವೈದ್ಯೆಯನ್ನು ನಾವೆಲ್ಲ ಡಾಕ್ಟರಮ್ಮ ಎನ್ನುತ್ತಿದ್ದೆವು. ಬೂಟನ್ನು ಔಷಧಿ ನೀರಿನಲ್ಲಿ ಅದ್ದಿ ಶೆಡ್ಡಿಗೆ ಕಾಲಿಟ್ಟವರೇ ಫ್ಯಾನುಗಳನ್ನೆಲ್ಲ ಆಫ್ ಮಾಡಿಸಿ, “ಒಸಿ ಸುಮ್ಕಿರಿ, ಕೋಳಿ ಮಾತಾಡ್ಲಿ” ಎನ್ನುತ್ತಿದ್ದರು. ಕಣ್ಣು ಮುಚ್ಚಿ, ತಲೆ ವಾಲಿಸಿ ನಿಲ್ಲುತ್ತಿದ್ದರು. ಆಮೇಲೆ ಕೆಲವು ಕೋಳಿಗಳ ಗಂಟಲಿಗೆ ಹತ್ತಿಕಡ್ಡಿ ಆಡಿಸಿ ಪರೀಕ್ಷೆಗೆ ಕಳಿಸುತ್ತಿದ್ದರು.

ಒಂದು ಬೆಳಿಗ್ಗೆ ಕೋಳಿ ತುಂಬಲು ಲಾರಿ ಬಂದು ನಿಂತಿತ್ತು. ಅರ್ಧ ಇಲ್ಲಿ ತುಂಬಿ, ಉಳಿದರ್ಧಕ್ಕೆ ಅದು ಕೊಳಾಲದ ಇನ್ನೊಂದು ಫಾರಂಗೆ ಹೋಗಬೇಕಿತ್ತು. ನಮ್ಮ ಕೋಳಿಗಳು ಚೆನ್ನಾಗಿಯೇ ಮೇಯುತ್ತಿದ್ದವು. ಆದರೆ ಡಾಕ್ಟರಮ್ಮ ಕಣ್ಣು ತೆರೆದು, “ಆ ಮೂಲೇಲಿ ಗೊರಗೊರ ಅಂತೈತೆ. ಲಾರಿ ಹೋಗಂಗಿಲ್ಲ” ಎಂದರು.

ಡ್ರೈವರ್ ರೇಗಿದ. “ಕೋಳಿ ಸೀನಿದ್ರೆ ಲಾರಿ ನಿಲ್ಸ್‌ತೀರೇನಮ್ಮ?”

ಅವರು ಜಗಳಕ್ಕೆ ನಿಲ್ಲಲಿಲ್ಲ. “ಬಾಪ್ಪ, ನೀನೇ ಕೇಳು” ಎಂದು ಬೂಟು ಹಾಕಿಸಿ ಬಾಗಿಲಲ್ಲಿ ನಿಲ್ಲಿಸಿದರು. ಕೇಳುತ್ತಾ ಅವನ ಮುಖ ಮೆತ್ತಗಾಯಿತು. “ನಮ್ಮ ಮಗಿಗೆ ಗೂರಲು ಬಂದಾಗ್ಲೂ ಎದೆ ಇಂಗೇ ಅಂತಿತ್ತು ಕಣಮ್ಮ” ಎಂದವನೇ ಲಾರಿ ತೊಳೆಯಲು ಹೊರಟ.

ವರದಿ ಬಂದಾಗ ಅದು ವೈರಸ್ಸೇ ಆಗಿತ್ತು. ನಮ್ಮಲ್ಲಿ ಕೆಲವು ಕೋಳಿ ಸತ್ತು, ಉಳಿದವು ಚೇತರಿಸಿಕೊಂಡವು. ಕೊಳಾಲದ ಫಾರಂಗೆ ಸೋಂಕು ತಟ್ಟಲೇ ಇಲ್ಲ. ಅಲ್ಲಿಯ ರೈತರು ಖುಷಿಗೆ ಹಲಸಿನ ಹಣ್ಣು ಹೊತ್ತು ನಮ್ಮ ಗೇಟಿಗೆ ಬಂದರು. ಡಾಕ್ಟರಮ್ಮ ಒಳಗಿಂದಲೇ ಕೂಗಿದರು: “ಅಲ್ಲೇ ನಿಂತ್ಕಳಿ! ಹಣ್ಣು ಬರ್ಲಿ, ನೀವು ಬರ್‌ಬ್ಯಾಡಿ!”

ಆಮೇಲೆ ಆ ಹಣ್ಣಿಗೂ ಔಷಧಿ ಹೊಡೆದು, ಚೆನ್ನಾಗಿ ತೊಳೆದು, ನಮಗೆಲ್ಲ ತೊಳೆ ಬಿಡಿಸಿ ಕೊಟ್ಟರು.