ಸುರುಳಿ ಮಾಮ ಆರಿಸಿದ ಕೋಚ್

ಫುಟ್‌ಬಾಲ್ ಪಂದ್ಯ ನಡೆಯುವಾಗ ಸುರುಳಿ ಮಾಮ ಕುಳಿತಿದ್ದನ್ನು ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ಗೂಡಲೂರಿನಲ್ಲಿ ಯಾರೂ ನೋಡಿಲ್ಲ. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಮೈದಾನದ ಉದ್ದದ ಗೆರೆಯ ಹೊರಗೆ ಚೆಂಡು ಹೋದತ್ತಲೆಲ್ಲ ಹೋಗುತ್ತಿದ್ದ. ಬಾಯಿ ಕಾಲಿಗಿಂತ ಜೋರು. ಅವನು ಓಡಾಡಿದ ಕಡೆ ಹುಲ್ಲು ಬೆಳೆಯುತ್ತಿರಲಿಲ್ಲ. ಒಮ್ಮೆ ಹೊರ ಊರಿನಿಂದ ಬಂದ ರೆಫರಿಯೊಬ್ಬರು ಅವನನ್ನು ಲೈನ್ಸ್‌ಮನ್ ಎಂದೇ ತಿಳಿದು, ಅವನು ಕೈಯೆತ್ತಿದ್ದು ನೋಡಿ ಆಫ್‌ಸೈಡ್ ಕೊಟ್ಟುಬಿಟ್ಟರು. ಅದರಿಂದ ರದ್ದಾದದ್ದು ನಮ್ಮದೇ ಗೋಲು. ಊರೆಲ್ಲ ಅವನ ಮೇಲೆ ಹರಿಹಾಯ್ದಿತು.

"ಆಪ್‌ಸೈಡು ಅಂದ್ರೆ ಆಪ್‌ಸೈಡೇ. ನಮ್ಮವ್ನಾದ್ರೇನು, ಪರವೂರವ್ನಾದ್ರೇನು?" ಅಂದ ಮಾಮ. ಅಷ್ಟೇ. ಮಾರನೇ ದಿನವೂ ಅದೇ ಮಾತು.

ನನಗೆ ಅವನು ತಾಯಿಯ ಕಡೆಯಿಂದ ಮಾಮ. ನಮ್ಮ ಮನೆಮಾತು ಕನ್ನಡವಾದರೂ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಯಾವಾಗಲೂ ತಮಿಳಿನ "ಮಾಪ್ಳೆ", ಅಂದರೆ ಅಳಿಯ. ದ್ರಾಕ್ಷಿ ತೋಟಗಳಿಗೆ ಚಪ್ಪರ ಕಟ್ಟುವುದು ಅವನ ಕೆಲಸ. ಕಲ್ಲುಕಂಬ ನೆಟ್ಟು, ಅಡ್ಡಡ್ಡ ಉದ್ದುದ್ದ ತಂತಿ ಎಳೆದು ಬಿಗಿಯುವುದರಲ್ಲಿ ಕಂಬಂ ಕಣಿವೆಯಲ್ಲಿ ಅವನಷ್ಟು ಕೈ ಕುದುರಿದವರು ಕಡಿಮೆ. ಬೆರಳಿನಿಂದ ತಂತಿಯನ್ನು ಮೀಟಿ, ಆ ನಾದ ಕೇಳಿಯೇ ಇನ್ನೊಂದು ಸುತ್ತು ಬಿಗಿಯಬೇಕೋ ಬೇಡವೋ ಹೇಳುತ್ತಿದ್ದ. ಮಧ್ಯಾಹ್ನದ ಊಟವಾದ ಮೇಲೆ ದ್ರಾಕ್ಷಿ ಪೆಟ್ಟಿಗೆಯ ರಟ್ಟು ಹರಿದು, ಅದರ ಮೇಲೆ ಮುಂದಿನ ಪಂದ್ಯದ ಹನ್ನೊಂದು ಹೆಸರು ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದ. ಅಂಥ ರಟ್ಟುಗಳ ಒಂದು ಕಟ್ಟೇ ಅವನ ಮನೆಯ ಅಟ್ಟದಲ್ಲಿತ್ತು. ನಮ್ಮ ತಂಡದ ಕೋಚ್ ಆಗಬೇಕೆಂಬ ಆಸೆ ಅವನಿಗೆ ಇತ್ತೆಂದು ನನಗೆ ತಿಳಿದದ್ದು ಆ ಕಟ್ಟನ್ನು ನೋಡಿದ ದಿನ. ಬಾಯಿಬಿಟ್ಟು ಅವನು ಹೇಳಿರಲಿಲ್ಲ.

ಬಸ್ ನಿಲ್ದಾಣದ ಎದುರು ನನ್ನದೊಂದು ಔಷಧಿ ಅಂಗಡಿ. ಕಾಗದ ಪತ್ರ ಬರೆಯಲು ಬರುತ್ತದೆಂಬ ಕಾರಣಕ್ಕೆ ನನ್ನನ್ನು ಕ್ಲಬ್ಬಿನ ಕಾರ್ಯದರ್ಶಿ ಮಾಡಿದ್ದರು. ಆ ವರ್ಷ ತಂಡ ಸತತವಾಗಿ ಸೋಲುತ್ತಿತ್ತು. ಹಳೆಯ ಕೋಚ್ ಘಾಟಿ ಹತ್ತಿ ಕುಮಳಿಯಲ್ಲಿ ಕೆಲಸ ಹಿಡಿದು ಹೊರಟುಹೋದರು. ಇನ್ನೊಂದು ವರ್ಷ ಹೀಗೇ ಆದರೆ ನಾವು ದಿಂಡಿಗಲ್ ಲೀಗಿನ ಮೇಲಿನ ಗುಂಪಿನಿಂದ ಕೆಳಗಿಳಿಯಬೇಕು. ಒಮ್ಮೆ ಇಳಿದ ತಂಡಗಳು ಒಂದೊಂದಾಗಿ ಕರಗಿಹೋದದ್ದನ್ನು ನಾವೇ ನೋಡಿದ್ದೆವು. ಹೊಸ ಕೋಚ್ ಯಾರು ಎಂಬುದೊಂದೇ ಊರಿನ ಚಹಾ ಅಂಗಡಿಗಳಲ್ಲಿ ಮಾತು.

ಆ ದಿನಗಳಲ್ಲೇ ಮಾಮ ಆಂಡಿಪಟ್ಟಿಗೆ ಒಂದು ಮದುವೆಗೆ ಹೋಗಿ ಬಂದ. ಮಾರನೇ ಬೆಳಿಗ್ಗೆ ಅಂಗಡಿ ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ನಿಂತಿದ್ದ.

"ಮಾಪ್ಳೆ, ನೆನ್ನೆ ನಾ ಮದುವೆ ಊಟ ಉಣ್ಣಲಿಲ್ಲ."

"ಯಾಕ್ ಮಾಮ, ಹುಷಾರಿಲ್ವಾ?"

"ಮಂಡಪದ ಪಕ್ಕ ಇಸ್ಕೂಲು. ವಿಸಿಲ್ ಊದಿದ್ದು ಕೇಳ್ತು. ಎಲೆ ಮುಂದಿಂದ ಎದ್ದೋದೆ."

ಅಲ್ಲಿ ಜ್ಯೋತಿ ಎಂಬ ಆಟದ ಟೀಚರ್ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಿದ್ದರಂತೆ. ಒಬ್ಬ ಹುಡುಗಿಗೆ ಚೆಂಡು, ಮಾಮನ ಬಾಯಲ್ಲಿ ‘ಪಂದು’, ಬರುತ್ತಿರುವಾಗ ಟೀಚರ್ ಅವಳ ಬೆನ್ನ ಹಿಂದೆ ನಿಂತು ಬೆರಳೆತ್ತಿ ತೋರಿಸುತ್ತಿದ್ದರು. ಚೆಂಡು ಕಾಲಿಗೆ ಮುಟ್ಟುವ ಮೊದಲೇ ಅವಳು ತಿರುಗಿ ನೋಡಿ ಎಷ್ಟು ಬೆರಳೆಂದು ಕೂಗಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ.

"ಎಲ್ಡು ಗಂಟೆ ನೋಡ್ದೆ. ಬೈಯಲಿಲ್ಲ, ಅರಚಲಿಲ್ಲ. ಕಡೇಲಿ ಆ ಹುಡುಗೀರು ನೋಡ್ದೇನೇ ಪಂದು ತಳ್ತಿದ್ರು, ಅದು ಸೆರಿಯಾಗಿ ಹೋಗ್ತಿತ್ತು. ನಮ್ಮ ಹುಡುಗ್ರು ಪಂದೊಂದೇ ನೋಡ್ತಾರೆ ಮಾಪ್ಳೆ. ಅದಕ್ಕೇ ಸೋಲ್ತಾ ಇರೋದು. ಇಷ್ಟು ವರುಸ ನಂಗೇ ತಿಳೀಲಿಲ್ಲ."

ಭಾನುವಾರ ಸಂಜೆ ನಮ್ಮೂರ ಶಾಲೆಯ ಜಗುಲಿಯಲ್ಲಿ ಕ್ಲಬ್ಬಿನ ಸಭೆ ಸೇರಿತು. ಸಮಿತಿಯವರು ಐದು ಜನ, ನೋಡಲು ಬಂದವರು ಐವತ್ತು. ನಿವೃತ್ತ ಬಸ್ ಕಂಡಕ್ಟರ್ ಕಾಳಿಯಪ್ಪ ಮೊದಲು ಎದ್ದರು. ದಿಂಡಿಗಲ್ಲಿನಲ್ಲಿ ಒಬ್ಬ ಹಳೆಯ ಆಟಗಾರರಿದ್ದಾರೆ, ರಾಜ್ಯಕ್ಕೇ ಆಡಿದವರು, ಅವರನ್ನೇ ತರಬೇಕು ಎಂದರು. "ಹೆಸರು ಕೇಳಿದ್ರೇ ಎದುರಿನವ್ನ ಕಾಲು ನಡುಗ್ಬೇಕು!" ಎಂದು ತೊಡೆ ತಟ್ಟಿದರು. ಆ ಮನುಷ್ಯ ವಾರಕ್ಕೊಂದು ದಿನ ಮಾತ್ರ ಬರುವುದಾಗಿ ಹೇಳಿದ್ದಾರೆಂದು ನಾನು ತಿಳಿಸಿದೆ. ಗದ್ದಲವಾಯಿತು. ಆಗ ಹಿಂದಿನಿಂದ ಯಾರೋ, "ನಮ್ಮ ಸುರುಳಿಯಣ್ಣನೇ ಆಗ್ಲಿ! ಅವ್ನಷ್ಟು ಆಟ ನೋಡ್ದವ್ರು ಯಾರವ್ರೆ?" ಎಂದು ಕೂಗಿದರು. ಚಪ್ಪಾಳೆ ಬಿತ್ತು. ಕಾಳಿಯಪ್ಪನವರೂ ತಟ್ಟಿದರು. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು.

ನಾನು ಮಾಮನನ್ನೇ ನೋಡುತ್ತಿದ್ದೆ. ಅವನ ಕಿವಿ ಕೆಂಪಾಗಿತ್ತು. ಹೆಗಲ ಮೇಲಿನ ಟವೆಲನ್ನು ತೆಗೆದು ಮಡಿಸಿದ, ಮತ್ತೆ ಬಿಡಿಸಿದ. ಹೂಂ ಎಂದರೆ ಸಾಕಿತ್ತು.

"ನಂಗೆ ಕೂಗಾಕ್ ಗೊತ್ತು. ಕಲ್ಸಾಕ್ ಗೊತ್ತಿಲ್ಲ," ಎಂದ. "ಕಲ್ಸಾಕ್ ಗೊತ್ತಿರೋರು ಆಂಡಿಪಟ್ಟೀಲವ್ರೆ. ಜ್ಯೋತಿ ಟೀಚರ್ ಅಂತ."

ಜಗುಲಿ ಕುದಿಯಿತು. ಗಂಡಸರ ತಂಡಕ್ಕೆ ಹೆಂಗಸೇ, ಪಕ್ಕದೂರಿನವರು ನಗುವುದಿಲ್ಲವೇ ಎಂದು ಕಾಳಿಯಪ್ಪ ಕೇಳಿದರು.

"ಈಗೇನು ಅಳ್ತಾವ್ರಾ? ಈಗ್ಲೂ ನಗ್ತಾನೇ ಅವ್ರೆ," ಎಂದ ಮಾಮ. "ಒಂದ್ ವರುಸ ಕೊಡಿ. ಆಗ್ಲಿಲ್ಲ ಅಂದ್ರೆ ನಾ ಮೈದಾನದ ಕಡೆ ಕಾಲಿಡಾಕಿಲ್ಲ."

ಮೂರು ಕೈ ಮೇಲೆದ್ದವು, ಎರಡು ಕೆಳಗೇ ಉಳಿದವು. ನೇಮಕದ ಪತ್ರವನ್ನು ನಾನು ಅಲ್ಲೇ ಕುಳಿತು ಬರೆದೆ.

ಜ್ಯೋತಿ ಟೀಚರ್ ರಜೆಗಳಲ್ಲಿ, ಶನಿವಾರ ಭಾನುವಾರಗಳಲ್ಲಿ ಬಸ್ಸು ಹಿಡಿದು ಬರತೊಡಗಿದರು. ಮೊದಲ ಮೂರು ಪಂದ್ಯಗಳನ್ನೂ ಸೋತೆವು. ಚಹಾ ಅಂಗಡಿಯಲ್ಲಿ ಮಾಮ ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಮೂರನೆಯ ಸೋಲಿನ ನಂತರ ಟೀಚರ್ ನೇರವಾಗಿ ಅವನ ಹತ್ತಿರವೇ ನಡೆದು ಬಂದರು. ನಾನು ಪಕ್ಕದಲ್ಲಿದ್ದೆ. ಸಮಾಧಾನ ಹೇಳಲು ಬಂದರೇನೋ ಎಂದುಕೊಂಡೆ. ಅವರು ತಮಿಳಿನಲ್ಲಿ ಹೇಳಿದ್ದು ಬೇರೆಯೇ.

"ಅಣ್ಣಾ, ಆಟದ ಹೊತ್ತಲ್ಲಿ ನೀವು ಕೂಗಬಾರದು. ನಾನು ಒಂದು ಹೇಳ್ತೇನೆ, ನೀವು ಒಂದು ಹೇಳ್ತೀರಿ. ಹುಡುಗರು ಚಿಕ್ಕಂದಿನಿಂದ ನಿಮ್ಮ ದನಿಯನ್ನೇ ಕೇಳಿದವರು. ನಿಮ್ಮ ಮಾತನ್ನೇ ಕೇಳ್ತಾರೆ."

ಮಾಮ ಕೈಯಲ್ಲಿದ್ದ ಚಪ್ಪಲಿಯನ್ನು ನೆಲಕ್ಕಿಟ್ಟು ಮೆಟ್ಟಿಕೊಂಡ. ದಾರಿಯಲ್ಲಿ ನನಗೇ ತಡೆಯಲಾಗಲಿಲ್ಲ.

"ನೀನು ತಂದ ಟೀಚರ್ ನಿನ್ನ ಬಾಯನ್ನೇ ಕಟ್ಟಿದ್ರಲ್ಲ ಮಾಮ!"

"ಅವ್ರು ಹೇಳಿದ್ದು ನಿಜ ಮಾಪ್ಳೆ. ನಿಜ ಆಗಿರೋದಕ್ಕೇ ಹೊಟ್ಟೆ ಉರೀತದೆ."

ಮುಂದಿನ ಪಂದ್ಯದಿಂದ ಅವನು ಎದುರಾಳಿಯ ಗೋಲಿನ ಹಿಂದೆ, ಬೇವಿನ ಮರದ ಬುಡದಲ್ಲಿ ನಿಂತ. ತುಟಿ ಅಲ್ಲಾಡುತ್ತಿತ್ತು, ದನಿ ಬರುತ್ತಿರಲಿಲ್ಲ. ಟವೆಲಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡಿರುತ್ತಿದ್ದ. ಜನ ಆಟ ನೋಡುವುದನ್ನು ಬಿಟ್ಟು ಅವನನ್ನು ನೋಡಿ ನಕ್ಕರು. ಆ ಪಂದ್ಯ ಸಮವಾಯಿತು. ಅದರ ಮುಂದಿನದರಲ್ಲಿ, ನಮ್ಮ ಎಡಬದಿಯ ಹುಡುಗ ಚೆಂಡು ಬರುವ ಮುನ್ನ ಕತ್ತು ತಿರುಗಿಸಿ ಹಿಂದೆ ನೋಡಿದ. ಒಂದೇ ಕ್ಷಣ. ಚೆಂಡನ್ನು ನಿಲ್ಲಿಸದೆ ಹಾಗೇ ಹಿಂದಕ್ಕೆ ತಳ್ಳಿದ. ಅಲ್ಲಿ ಇನ್ನೊಬ್ಬ ಓಡಿ ಬರುತ್ತಿದ್ದ. ಗೋಲು! ಮೈದಾನ ಹುಚ್ಚೆದ್ದು ಕುಣಿಯುವಾಗ ಮಾಮ ಗೋಲಿನ ಬಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಹತ್ತಿರ ಹೋದಾಗ ನೋಡಿದೆ, ಕಣ್ಣು ತುಂಬಿತ್ತು. ಕೂಗಲಿಲ್ಲ.

ಆ ವರ್ಷ ನಾವು ಕೆಳಗಿಳಿಯಲಿಲ್ಲ. ಕೊನೆಯ ಪಂದ್ಯದ ದಿನ ಕಾಳಿಯಪ್ಪನವರು ಟೀಚರಿಗೆ ಶಾಲು ಹೊದಿಸಿ, ತಾವೇ ಅವರನ್ನು ಕಂಡುಹಿಡಿದವರ ಹಾಗೆ ಅರ್ಧ ಗಂಟೆ ಮಾತನಾಡಿದರು. ಮಾಮ ಜನರ ನಡುವೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದ.

ಮರುವರ್ಷ ದಿಂಡಿಗಲ್ಲಿನಲ್ಲಿ ಒಂದು ದೊಡ್ಡ ಪಂದ್ಯ. ಬೆಳಿಗ್ಗೆ ಹತ್ತಕ್ಕೆ ಆಟ. ಹಿಂದಿನ ದಿನ ಬೀಸಿದ ಗಾಳಿಗೆ ಒಬ್ಬರ ತೋಟದಲ್ಲಿ ಕಾಯಿ ಸಮೇತ ಚಪ್ಪರ ಕುಸಿದಿತ್ತು; ಎತ್ತಿ ನಿಲ್ಲಿಸದಿದ್ದರೆ ಬೆಳೆ ಮಣ್ಣುಪಾಲು. ಮಾಮ ಆ ಸಂಜೆಯೇ ಅಂಗಡಿಗೆ ಬಂದು, ತಾನು ಬರಲಾಗುವುದಿಲ್ಲವೆಂದ. "ಹುಡುಗ್ರಿಗೆ ಬಸ್ನಲ್ಲಿ ಇಡ್ಲಿ ಜಾಸ್ತಿ ತಿನ್ನಿಸ್ಬೇಡ, ಮಾಪ್ಳೆ. ಓಡಾಕಾಗಲ್ಲ," ಎಂದು ಹೇಳಿ ಹೋದ. ಅದೇ ಕೊನೆಯ ಮಾತು.

ನಮ್ಮ ಬಸ್ಸು ವತ್ತಲಗುಂಡು ದಾಟುವಾಗ ಫೋನ್ ಬಂತು. ತೋಟದಲ್ಲಿ ತಂತಿ ಬಿಗಿಯುತ್ತಿದ್ದವನು ಎದೆ ಹಿಡಿದು ಕುಳಿತನಂತೆ. ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು. ಟೀಚರ್ ಬಸ್ಸು ನಿಲ್ಲಿಸಿದರು. ಹುಡುಗರು ರಸ್ತೆಬದಿಯ ಹುಣಸೆಮರದ ಕೆಳಗೆ ಇಳಿದು ನಿಂತರು. ಆಡುವುದೋ, ಹಿಂದಿರುಗುವುದೋ? ನಾನು ಅತ್ತೆಗೆ, ಮಾಮನ ಹೆಂಡತಿಗೆ, ಫೋನ್ ಮಾಡಿದೆ. ಅತ್ತ ಕಡೆ ಅಳುವಿನ ಸದ್ದು ಕೇಳುತ್ತಿತ್ತು. ಅತ್ತೆಯ ದನಿ ಮಾತ್ರ ಗಟ್ಟಿಯಾಗಿತ್ತು.

"ಆಡಿಟ್ಟು ಬನ್ನಿ, ಆಟ ಮುಗಿಸ್ಕೊಂಡೇ ಬನ್ನಿ," ಎಂದರು.

ಆಡಿದೆವು. ಮಧ್ಯಾಹ್ನ ಮೂರೂವರೆಗೆ ಬಸ್ಸು ಗೂಡಲೂರು ಮುಟ್ಟಿತು. ಹುಡುಗರು ಬೆವರು ಒಣಗಿದ ಅಂಗಿಯಲ್ಲೇ ಮಾಮನ ಮನೆಯವರೆಗೂ ನಡೆದರು. ಅಂಗಳದಲ್ಲಿ ಹಾಕಿದ್ದ ಪಂದಲಿನ ಕೆಳಗೆ, ತಂಪು ಹಾಯಿಸಿದ ಗಾಜಿನ ಪೆಟ್ಟಿಗೆಯಲ್ಲಿ ಮಾಮ ಮಲಗಿದ್ದ. ಅತ್ತೆ ಅದರ ಪಕ್ಕ ಕುಳಿತಿದ್ದರು. ನನ್ನನ್ನು ಕಂಡು ತಲೆಯೆತ್ತಿದರು.

"ಎಷ್ಟಾಯ್ತಪ್ಪಾ?" ಎಂದರು.

"ಒಂದಕ್ಕೊಂದು, ಅತ್ತೆ. ಮೊದ್ಲು ಅವ್ರು, ಆಮೇಲೆ ನಾವು."

ಅತ್ತೆ ಗಾಜಿನ ಮೇಲೆ ಕೈಯಿಟ್ಟು, ಮಲಗಿದವನ ಕಿವಿಯ ಕಡೆಗೆ ಬಾಗಿದರು.

"ಕೇಳಿಸ್ತಾ? ಒಂದಕ್ಕೊಂದಂತೆ. ಆಮೇಲ್ ಹೊಡೆದಿದ್ದು ನಮ್ಮವ್ರಂತೆ."